ಮುಂಡಾಜೆಯಲ್ಲಿ ಕೈ ಬೀಸಿ ಹೋದ ಆದಿತ್ಯವಾರ

ನುಸಿಗುಳಿಗೆಯ ವಾಸನೆ ನನಗೆ ಈಗೀಗ ಆಗುವುದಿಲ್ಲ. ಮೊನ್ನೆ ಶಾಲಿನಿ ಕಪಾಟಿನ ಮೇಲಿನ ಹಲಗೆ ಖಾಲಿ ಮಾಡುತ್ತಿದ್ದಳು. ಒಂದು ಪ್ಲಾಸ್ಟಿಕ್ ಚೀಲ ಎಳೆದಳು, ಅದು ಹರಿದು ನಾಲ್ಕು ಶಾಲುಗಳು ನೆಲಕ್ಕೆ ಬಿದ್ದವು. ಕೋಣೆಯಿಡೀ ಆ ವಾಸನೆ.

"ಇದನ್ನು ಎಂತ ಮಾಡುದು ಹೇಳಿ. ನೀವು ಹೊದ್ದುಕೊಳ್ಳುದಿಲ್ಲ, ಯಾರಿಗಾದ್ರೂ ಕೊಡುವ ಅಂದ್ರೆ ಬಿಡುದಿಲ್ಲ," ಎಂದಳು ನನ್ನ ಹೆಂಡತಿ.

"ಅಲ್ಲೇ ಇಡು."

"ಎರಡು ವರ್ಷದಿಂದ ಅಲ್ಲೇ ಉಂಟು."

ಹೌದು, ಎರಡು ವರ್ಷ. ನನ್ನ ಪೋಸ್ಟುಗಳನ್ನು ಓದುವವರಿಗೆ ಆ ವಾರ ನೆನಪಿರಬಹುದು. ಒಂದು ಆದಿತ್ಯವಾರ ಟ್ರಯಾಥ್ಲಾನ್, ಮರು ಆದಿತ್ಯವಾರ ಸಹಾಯಾರ್ಥ ಸೈಕಲ್ ಜಾಥಾ. ಮೆಡಲು ಹಾಕಿದ್ದೆ, ಬೆವರು ಹಾಕಿದ್ದೆ, ಸೂರ್ಯ ಹುಟ್ಟುವುದನ್ನೂ ಬಿಟ್ಟಿರಲಿಲ್ಲ. ಹಾಕದೆ ಉಳಿದದ್ದು ಒಂದೇ. ಅದನ್ನು ಇವತ್ತು ಬರೆಯುತ್ತೇನೆ. 'ಸ್ಫೂರ್ತಿ ಸರ್' ಎಂದು ಕಮೆಂಟು ಹಾಕುವವರು ದಯವಿಟ್ಟು ಕೊನೆತನಕ ಓದಿ, ಆಮೇಲೂ ಹಾಕಬೇಕು ಅನ್ನಿಸಿದರೆ ಹಾಕಿ.

ಹೊಸಬರಿಗಾಗಿ ಹೇಳುತ್ತೇನೆ: ನಾನು ಬಿ.ಸಿ. ರೋಡಿನಲ್ಲಿ ಪಂಪು, ಪೈಪು ಮಾರುವವ. ನಲವತ್ತನಾಲ್ಕಕ್ಕೆ ಸಕ್ಕರೆ ಕಾಯಿಲೆ ಶುರುವಾಯಿತು. ಡಾಕ್ಟರು ನಡೆಯಿರಿ ಎಂದರು, ನಾನು ಓಡಿದೆ. ಓಟದಿಂದ ಸೈಕಲ್ಲಿಗೆ ಬಂದೆ. ಸೈಕಲ್ಲಿನವರು ನಾಲ್ಕು ಜನ ಸೇರಿದರೆ ಟ್ರಯಾಥ್ಲಾನಿನ ಮಾತು ಬಂದೇ ಬರುತ್ತದೆ. ಈಜು, ಸೈಕಲ್, ಓಟ, ಮೂರೂ ಒಂದರ ಬೆನ್ನಿಗೆ ಒಂದು, ನಡುವೆ ಕೂತು ಸುಧಾರಿಸಿಕೊಳ್ಳಲಿಕ್ಕಿಲ್ಲ. ನನಗೆ ಈಜು ಬರುತ್ತಿರಲಿಲ್ಲ. ನೇತ್ರಾವತಿಯಿಂದ ಕೂಗಳತೆಯಲ್ಲಿ ಅಂಗಡಿ ಇಟ್ಟುಕೊಂಡು, ಊರಿಗೆಲ್ಲ ನೀರಿನ ಪಂಪು ಮಾರಿಕೊಂಡು, ನೀರಿಗಿಳಿದರೆ ಕಲ್ಲು.

ಕಲಿಸಿದವರು ಮುಂಡಾಜೆಯ ಶೇಸಪ್ಪಣ್ಣ. ನನ್ನ ತಂದೆಯ ಜಾಗ ಮುಂಡಾಜೆಯಲ್ಲಿ. ಅಲ್ಲಿ ನಮ್ಮ ತೆಂಗಿನ ಮರ ಹತ್ತಿ ಕಾಯಿ ಕೀಳುತ್ತಿದ್ದವರು ಅವರು, ಅವರಿಗಿಂತ ಮೊದಲು ಅವರ ತಂದೆ. ನನಗಿಂತ ಏಳೆಂಟು ವರ್ಷ ದೊಡ್ಡವರು. ಆದರೂ ನನ್ನನ್ನು ಕರೆಯುವುದು 'ಧನಿ', ಅಂದರೆ ಯಜಮಾನ, ಎಂದೇ. ಹಾಗೆ ಕರೆಯಬೇಡಿ ಎಂದು ಎಷ್ಟೋ ಸಲ ಹೇಳಿದ್ದೆ. "ಆಯ್ತು ಧನಿ" ಎನ್ನುತ್ತಿದ್ದರು. ನಮ್ಮ ಮಾತೆಲ್ಲ ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಆ ಚಳಿಗಾಲ ಆದಿತ್ಯವಾರ ಬಂತೆಂದರೆ ಮೃತ್ಯುಂಜಯ ಹೊಳೆಯ ಒಂದು ಗುಂಡಿಯಲ್ಲಿ ನಾನು ಕೈಕಾಲು ಬಡಿಯುವುದು, ಅವರು ಬಂಡೆಯ ಮೇಲೆ ಬೀಡಿ ಹಚ್ಚಿ ಕೂತು ಬೈಯುವುದು.

"ನೀರಿನ ಹತ್ರ ಜಗಳ ಮಾಡ್ಬೇಡಿ ಧನಿ. ಅದಕ್ಕೆ ನಿಮಗಿಂತ ಜಾಸ್ತಿ ವಯಸ್ಸಾಗಿದೆ."

"ಮುಳುಗ್ತೇನೆ ಮಾರಾಯ್ರೆ!"

"ಮುಳುಗುವವರು ಇಷ್ಟು ಮಾತಾಡುದಿಲ್ಲ. ಸುಮ್ಮನೆ ಮಲಗಿ. ಅದೇ ಎತ್ತಿಕೊಳ್ತದೆ."

ಮಲಗಿದೆ. ಎತ್ತಿಕೊಂಡಿತು. ಆ ದಿನ ಅವರು ಬಂಡೆಯ ಮೇಲೆ ಎದ್ದು ನಿಂತು ನಕ್ಕದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಅವರು ಎದ್ದು ನಿಂತದ್ದರ ನೆನಪು ನನಗೆ ಬೇರೆ ಯಾವುದೂ ಅಷ್ಟು ಸ್ಪಷ್ಟವಾಗಿಲ್ಲ.

ಮುಂದಿನ ವರ್ಷ ಅವರು ಮರದಿಂದ ಬಿದ್ದರು. ನಮ್ಮ ತೋಟದಲ್ಲಲ್ಲ. ಸುದ್ದಿ ಕೇಳಿದಾಗ ನಾನು ಮೊದಲು ಕೇಳಿದ್ದು 'ಯಾರ ತೋಟದಲ್ಲಿ?' ಎಂದು. ಉತ್ತರ ಕೇಳಿ ಒಂದು ಕ್ಷಣ ಸಮಾಧಾನ ಆಯಿತು. ಅದನ್ನೂ ಹೇಳಿಬಿಡುತ್ತೇನೆ, ಇವತ್ತು ಯಾವುದನ್ನೂ ಇಟ್ಟುಕೊಳ್ಳುವುದಿಲ್ಲ. ಬೆನ್ನುಹುರಿಗೆ ಪೆಟ್ಟು. ಸೊಂಟದಿಂದ ಕೆಳಗೆ ಚಿವುಟಿದರೂ ಗೊತ್ತಾಗುವುದಿಲ್ಲ. ನಮ್ಮ ಕಡೆ ತೆಂಗು, ಅಡಿಕೆ ಇರುವ ಊರುಗಳಲ್ಲಿ ಹೀಗೆ ಬಿದ್ದು ಮಲಗಿದವರು ಒಬ್ಬಿಬ್ಬರಾದರೂ ಇದ್ದೇ ಇರುತ್ತಾರೆ. ಅಂಥ ನಾಲ್ಕು ಜನರಿಗೆ ಒಳ್ಳೆಯ ವೀಲ್‌ಚೇರ್ ಕೊಡಿಸಬೇಕು, ಅದಕ್ಕಾಗಿ ಸೈಕಲ್ ತುಳಿಯಬೇಕು ಎಂಬ ಯೋಚನೆ ನನ್ನದೇ. ಬಿ.ಸಿ. ರೋಡಿನಿಂದ ಮೂಡುಬಿದಿರೆ, ಅಲ್ಲಿಂದ ಗುರುವಾಯನಕೆರೆ, ಬೆಳ್ತಂಗಡಿ, ಕೊನೆಗೆ ಮುಂಡಾಜೆ. ಅಲ್ಲಿ ಹತ್ತು ಗಂಟೆಗೆ ಶೇಸಪ್ಪಣ್ಣನಿಗೆ ಮೊದಲ ವೀಲ್‌ಚೇರ್ ಕೊಡುವ ಕಾರ್ಯಕ್ರಮ, ಉಳಿದ ಮೂರು ಅವರವರ ಮನೆಗೆ. ಯೋಚನೆಯಲ್ಲಿ ತಪ್ಪಿರಲಿಲ್ಲ. ವೀಲ್‌ಚೇರುಗಳೂ ಬಂದವು.

ಜಾಥಾಕ್ಕೆ ಒಂದು ವಾರ ಮೊದಲು ಮೂಡುಬಿದಿರೆಯಲ್ಲಿ ಟ್ರಯಾಥ್ಲಾನ್. ಈಜುಕೊಳದ ಆರನೇ ಸುತ್ತಿನಲ್ಲಿ ಯಾರದೋ ಕಾಲು ನನ್ನ ಮೂಗಿಗೆ ಬಡಿದು, ನೀರು ಕುಡಿದು, ಕೊಳದ ಅಂಚು ಹಿಡಿಯಲು ಹೊರಟಿದ್ದೆ. ಆಗ ತಲೆಯೊಳಗೆ ಆ ಮಾತು ಬಂತು: ಜಗಳ ಮಾಡ್ಬೇಡಿ ಧನಿ. ಬೆನ್ನ ಮೇಲೆ ಮಲಗಿದೆ, ನಾಲ್ಕು ಉಸಿರು ತೆಗೆದುಕೊಂಡೆ, ಮತ್ತೆ ತಿರುಗಿ ಈಜಿದೆ. ಸೈಕಲ್ ಚೆನ್ನಾಗಿಯೇ ಹೋಯಿತು. ಓಟದ ಕೊನೆಯಲ್ಲಿ ಕಾಲು ನನ್ನದೋ ಬೇರೆಯವರದೋ ಗೊತ್ತಾಗುತ್ತಿರಲಿಲ್ಲ. ಮೂರನೇ ಸ್ಥಾನ! ನಲವತ್ತೈದು ದಾಟಿದವರ ವಿಭಾಗದಲ್ಲಿ. ವಿಭಾಗದಲ್ಲಿ ಇದ್ದವರು ಐದು ಜನ. ಒಬ್ಬರ ಟೈರು ಪಂಕ್ಚರ್ ಆಯಿತು, ಒಬ್ಬರು ಓಟದಲ್ಲಿ ಕೂತುಬಿಟ್ಟರು. ಉಳಿದ ಮೂವರಲ್ಲಿ ನಾನು ಮೂರನೆಯವ. ಮರುದಿನ ಪೇಪರಿನಲ್ಲಿ ಫೋಟೋ ಬಂತು, ಐದು ಜನರ ಲೆಕ್ಕ ಬರಲಿಲ್ಲ. ನಾನೂ ತಿದ್ದಲು ಹೋಗಲಿಲ್ಲ.

ಆಮೇಲೆ ಫೋನುಗಳು ಶುರುವಾದವು. ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಯಾರಾದರೂ ನಿವೃತ್ತರಾದರೆ ಶಾಲು, ಊರಿಗೆ ಬಂದರೆ ಶಾಲು, ಊರು ಬಿಟ್ಟರೆ ಶಾಲು. "ಸರ್, ಆದಿತ್ಯವಾರ ನಿಮ್ಮ ಜಾಥಾ ನಮ್ಮ ಪೇಟೆಯಲ್ಲೇ ಹೋಗುದಲ್ವಾ? ಐದು ನಿಮಿಷ ನಿಲ್ಲಿ ಸಾಕು. ಸಣ್ಣ ಸನ್ಮಾನ." ಮೂಡುಬಿದಿರೆಯವರಿಗೆ ಆಗಲಿ ಎಂದೆ. ಗುರುವಾಯನಕೆರೆಯವರಿಗೆ ಆಗಲಿ ಎಂದೆ. ಬೆಳ್ತಂಗಡಿಯವರು ಕರೆಯದೆ ಇದ್ದಿದ್ದರೆ ಬಹುಶಃ ನಾನೇ ಬೇಜಾರು ಮಾಡಿಕೊಳ್ಳುತ್ತಿದ್ದೆ. ಅವರೂ ಕರೆದರು.

ಗುರುವಾರ ಶಾಲಿನಿಯನ್ನು ಕರೆದುಕೊಂಡು ಮುಂಡಾಜೆಗೆ ಹೋದೆ, ಮೆಡಲು ತೋರಿಸಲು. ಶೇಸಪ್ಪಣ್ಣ ಅಂಗಳದಲ್ಲಿ ಹಳೆಯ ವೀಲ್‌ಚೇರಿನಲ್ಲಿ ಕೂತು ಕತ್ತಿ ಮಸೆಯುತ್ತಿದ್ದರು. ಮೆಡಲನ್ನು ಕೈಯಲ್ಲಿ ತೂಗಿ ನೋಡಿ, "ಇದರಲ್ಲಿ ಅರ್ಧ ನನ್ನದು" ಎಂದು ತಮ್ಮ ಕೊರಳಿಗೇ ಹಾಕಿಕೊಂಡರು. ಮುಂದಿನ ಬುಧವಾರ ಅವರ ಎಳನೀರಿನ ಅಂಗಡಿ ಶುರುವಾಗುವುದಿತ್ತು. ಘಾಟಿಗೆ ಹೋಗುವ ವಾಹನಗಳು ನಿಲ್ಲುವ ಜಾಗ, ಶೀಟು ಹಾಕಿ ಆಗಿತ್ತು.

"ಮೂವತ್ತು ವರ್ಷ ಮೇಲಿಂದ ಬೊಂಡ ಇಳಿಸಿದೆ. ಇನ್ನು ಕೆಳಗೆ ಕೂತು ಕೆತ್ತುದು. ಬೊಂಡ ಅದೇ ಅಲ್ವಾ ಧನಿ."

ಬೊಂಡ ಎಂದರೆ ನಮ್ಮಲ್ಲಿ ಎಳನೀರು. ಕೆತ್ತಲು ಕೈಯಲ್ಲಿ ಬಲ ಇತ್ತು. ಕಷ್ಟ ಇದ್ದದ್ದು ಕೂರುವುದರಲ್ಲಿ. ಸ್ಪರ್ಶ ಇಲ್ಲದ ಮೈ, ಒಂದೇ ಕಡೆ ಭಾರ ಬಿದ್ದರೆ ಒಳಗೇ ಕೊಳೆಯುತ್ತದೆ, ನೋವಾಗದ ಕಾರಣ ಗೊತ್ತಾಗುವುದಿಲ್ಲ. ಅದಕ್ಕೆ ಆಸ್ಪತ್ರೆಯಲ್ಲಿ ಒಂದು ಕಸರತ್ತು ಕಲಿಸಿದ್ದರು. ಮಾತಿನ ನಡುವೆಯೇ ಶೇಸಪ್ಪಣ್ಣ ಎರಡೂ ಕೈ ಕುರ್ಚಿಯ ತೋಳಿಗೆ ಊರಿ ಇಡೀ ಮೈಯನ್ನು ಮೇಲೆತ್ತಿದರು, ಇಪ್ಪತ್ತರವರೆಗೆ ಎಣಿಸಿ ಇಳಿದರು.

"ಎಂತದು ಶೇಸಪ್ಪಣ್ಣ?" ಎಂದಳು ಶಾಲಿನಿ.

"ಮರ ಹತ್ತುದು ಅಕ್ಕ. ಇಪ್ಪತ್ತು ನಿಮಿಷಕ್ಕೊಮ್ಮೆ ಹತ್ತಬೇಕು. ಈಗ ನನ್ನ ಮರ ಇಷ್ಟೇ ಎತ್ತರ."

ನಾವು ನಕ್ಕೆವು. ಅವರ ಹೆಂಡತಿ ಗಿರಿಜಕ್ಕ ನಗಲಿಲ್ಲ. ಚಹಾದ ಲೋಟ ಕೊಡುತ್ತಾ ನನಗೆ ಹೇಳಿದರು, "ಹತ್ತು ಗಂಟೆ ಅಂದ್ರೆ ಹತ್ತಕ್ಕೇ ಬರ್ತೀರಲ್ಲ? ಹತ್ತು ತಿಂಗಳಲ್ಲಿ ಇವರು ಮೂರು ಗಂಟೆ ಕೂರ್ಲಿಕ್ಕೆ ಕಲಿತದ್ದು. ಅದರ ಮೇಲೆ ಆಗುದಿಲ್ಲ."

"ಹತ್ತಕ್ಕೆ ಬಂದು ಹನ್ನೊಂದೂವರೆಗೆ ಮುಗಿಸುವ ಗಿರಿಜಕ್ಕ. ನಾನಿದ್ದೇನಲ್ಲ."

ನಾನಿದ್ದೇನಲ್ಲ ಎಂದೆ.

ಆದಿತ್ಯವಾರ ಬೆಳಗ್ಗೆ ಐದಕ್ಕೆ ಹೊರಟೆವು, ಹದಿನೆಂಟು ಜನ. ಚಳಿ, ಮಂಜು, ಟೈರಿನ ಸದ್ದು. ಮೂಡುಬಿದಿರೆಗೆ ಬೆಳಕು ಹರಿಯುವಾಗ ತಲುಪಿದೆವು. ಐದು ನಿಮಿಷದ ಸನ್ಮಾನಕ್ಕೆ ಪ್ರಾರ್ಥನೆ ಇತ್ತು, ಸ್ವಾಗತ ಇತ್ತು, ಪ್ರಾಸ್ತಾವಿಕ ಭಾಷಣ ಇತ್ತು. ಬೆವರಿದ ಜೆರ್ಸಿಯ ಮೇಲೆ ಶಾಲು, ಹೆಲ್ಮೆಟ್ಟಿನ ಮೇಲೆ ಪೇಟ. ಐವತ್ತು ನಿಮಿಷ ಹೋಯಿತು. ಗುರುವಾಯನಕೆರೆಯಲ್ಲಿ ಬಸ್ಸುಗಳ ಹಾರನ್ನಿನ ನಡುವೆ ಇನ್ನೊಂದು ಶಾಲು, ಹಣ್ಣಿನ ಬುಟ್ಟಿ. ಹಣ್ಣಿನ ಬುಟ್ಟಿ ಇಟ್ಟುಕೊಂಡು ಸೈಕಲ್ ಹೊಡೆಯುವುದು ಹೇಗೆ ಎಂದು ಕೊಟ್ಟವರೂ ಯೋಚಿಸಲಿಲ್ಲ, ನಾನೂ. ಬೆಳ್ತಂಗಡಿಗೆ ಬರುವಾಗ ಹತ್ತು ದಾಟಿತ್ತು. ಅಲ್ಲಿ ಮೂರನೇ ಶಾಲು ಹೊದಿಸುವಾಗ ಫೋನ್ ಬಂತು: ಮುಂಡಾಜೆಯ ಮುಖ್ಯ ಅತಿಥಿಗಳು ಒಂದು ಮದುವೆಯಲ್ಲಿ ಇದ್ದಾರೆ, ಒಂದು ಗಂಟೆಗೆ ಬರುತ್ತಾರೆ.

ಅತಿಥಿ ಬಾರದೆಯೇ ಶುರು ಮಾಡಿ ಎಂದು ಹೇಳಬಹುದಿತ್ತು. ಜಾಥಾ ನನ್ನದು, ಕಾರ್ಯಕ್ರಮ ನನ್ನದು. ಹೇಳಲಿಲ್ಲ. ಅತಿಥಿ ಬರುವ ಮೊದಲು ಶುರು ಮಾಡುವುದು ನಮ್ಮಲ್ಲಿ ಯಾರ ಬಾಯಲ್ಲೂ ಬರುವ ಮಾತಲ್ಲ.

ನಮ್ಮ ಗುಂಪಿನವನೊಬ್ಬ ಹೇಳಿದ, "ಎರಡು ಗಂಟೆ ಅಲ್ಲಿ ಕೂತು ಎಂತ ಮಾಡುದು? ಚಾರ್ಮಾಡಿ ಘಾಟಿಗೆ ಹೋಗಿ ಬರುವ. ಒಳ್ಳೆ ವಿಡಿಯೊ ಸಿಗ್ತದೆ."

"ಹೋಗುವ," ಎಂದೆ. ಕಾಲಿಗೆ ಇನ್ನೂ ಹುರುಪು ಇತ್ತು. ವಿಡಿಯೊಕ್ಕೂ ಆಸೆ ಇತ್ತು.

ಮುಂಡಾಜೆ ದಾಟಿಯೇ ಚಾರ್ಮಾಡಿಗೆ ಹೋಗಬೇಕು. ರಸ್ತೆ ಬದಿಯಲ್ಲಿ ಶಾಮಿಯಾನ, ಬ್ಯಾನರಿನಲ್ಲಿ ನನ್ನದೇ ದೊಡ್ಡ ಮುಖ. ಅದರ ಕೆಳಗೆ ಬಿಳಿ ಅಂಗಿ, ಬಿಳಿ ಮುಂಡು ಉಟ್ಟು, ತಲೆ ಬಾಚಿಕೊಂಡು ಶೇಸಪ್ಪಣ್ಣ ಕೂತಿದ್ದರು. ಒಂಬತ್ತೂವರೆಗೇ ಆಟೋದಲ್ಲಿ ಬಂದಿದ್ದರಂತೆ. ನಾನು ನಿಲ್ಲಿಸಲಿಲ್ಲ. ಹ್ಯಾಂಡಲಿನಿಂದ ಒಂದು ಕೈ ತೆಗೆದು ಬೀಸಿದೆ.

"ಈಗ ಬಂದೆ ಶೇಸಪ್ಪಣ್ಣ!"

ಅವರೂ ಕೈ ಬೀಸಿದರು. ಅಷ್ಟೂ ಹಲ್ಲು ಕಾಣುವ ಹಾಗೆ ನಕ್ಕರು. ಹಿಂದಿದ್ದ ಹದಿನೇಳು ಸೈಕಲ್ಲುಗಳು ಟ್ರಿಣ್ ಟ್ರಿಣ್ ಎಂದು ಗಂಟೆ ಬಾರಿಸಿಕೊಂಡು ಹೋದವು.

ಘಾಟಿಯ ಮೂರನೇ ತಿರುವಿನಲ್ಲಿ ನಿಂತು ತೆಗೆದ ವಿಡಿಯೊವನ್ನು ನಿಮ್ಮಲ್ಲಿ ತುಂಬ ಜನ ನೋಡಿದ್ದೀರಿ.

ವಾಪಸ್ ಬರುವಾಗ ಒಂದು ಗಂಟೆ. ಶೇಸಪ್ಪಣ್ಣನನ್ನು ಎತ್ತಿ ಹೊಸ ವೀಲ್‌ಚೇರಿನಲ್ಲಿ ಕೂರಿಸಿ ವೇದಿಕೆಗೆ ಹತ್ತಿಸಿದೆವು. ನನ್ನ ಪಕ್ಕದಲ್ಲೇ. ಅತಿಥಿಗಳು ಇನ್ನೇನು ಬಂದರು ಎಂದು ಶಾಲು, ಹಾರ ಮಾತ್ರ ಮೊದಲೇ ಮುಗಿಸಿದರು. ಅವರ ತೊಡೆಯ ಮೇಲೆ ಹಣ್ಣಿನ ಬುಟ್ಟಿ, ಹೆಗಲಿಗೆ ಶಾಲು, ಕೊರಳಿಗೆ ಹಾರ. ನನಗೂ ಒಂದು ಶಾಲು, ನಾಲ್ಕನೆಯದು. ಆಗ ಮುಖ್ಯ ಅತಿಥಿಗಳ ಕಾರು ಬಂತು, ಎಲ್ಲರೂ ಎದ್ದು ನಿಂತರು. ಅದೇ ಹೊತ್ತಿಗೆ ಶೇಸಪ್ಪಣ್ಣ ಬುಟ್ಟಿಯನ್ನು ಒಂದು ಬದಿಗೆ ಸರಿಸಿ, ಎರಡೂ ಕೈ ಊರಿ, ಮೈ ಮೇಲೆತ್ತಿದರು.

ನೋಡಿದ ಜನ ಒಮ್ಮೆಲೇ ಚಪ್ಪಾಳೆ ತಟ್ಟಿದರು. ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳಲ್ಲ. ಅವರ ಹೆಗಲ ಮೇಲೆ ಕೈ ಇಟ್ಟು ಒತ್ತಿದೆ. "ಕೂತ್ಕೊಳ್ಳಿ ಶೇಸಪ್ಪಣ್ಣ, ಕೂತ್ಕೊಳ್ಳಿ. ನೀವು ಏಳುದು ಬೇಡ." ಅವರು ನನ್ನ ಮುಖ ನೋಡಿದರು. ಏನೋ ಹೇಳಲು ಬಾಯಿ ತೆರೆದ ಹಾಗೆ ಇತ್ತು. ಕೂತರು. ನಾನು ಬುಟ್ಟಿಯನ್ನು ಮತ್ತೆ ಅವರ ತೊಡೆಯ ಮೇಲೆ ಸರಿಯಾಗಿ ಇಟ್ಟು, ಮೈಕ್ ತೆಗೆದುಕೊಂಡೆ.

"ನೋಡಿ ಬಂಧುಗಳೇ! ಕಾಲಿಗೆ ಬಲ ಇಲ್ಲದಿದ್ದರೂ ಅತಿಥಿಗಳು ಬಂದಾಗ ಎದ್ದು ನಿಲ್ಲುವ ಈ ಸಂಸ್ಕಾರ!"

ಇನ್ನೂ ಜೋರು ಚಪ್ಪಾಳೆ.

ಅದಾದ ಮೇಲೆ ಭಾಷಣಗಳು ಮುಗಿಯುವಾಗ ಎರಡೂವರೆ ದಾಟಿತ್ತು. ಶೇಸಪ್ಪಣ್ಣ ಮತ್ತೆ ಮೈ ಎತ್ತಲಿಲ್ಲ. ಗಿರಿಜಕ್ಕ ಹೆಂಗಸರ ಸಾಲಿನಲ್ಲಿ ಹಿಂದೆ ಇದ್ದರು, ಎರಡು ಸಲ ಎದ್ದು ಕೈಸನ್ನೆ ಮಾಡಿದ್ದು ಕಂಡಿತ್ತು. ಊಟಕ್ಕೆ ತಡವಾಯಿತು ಅನ್ನುತ್ತಿದ್ದಾರೆ ಎಂದುಕೊಂಡೆ. ಹೊರಡುವಾಗ ಶೇಸಪ್ಪಣ್ಣ, "ಒಳ್ಳೆ ಚಂದ ಆಯ್ತು ಧನಿ. ಬುಧವಾರ ಬನ್ನಿ, ಮೊದಲ ಬೊಂಡ ನಿಮಗೆ" ಎಂದರು.

ಬುಧವಾರ ಅಂಗಡಿ ಶುರುವಾಗಲಿಲ್ಲ. ಗಿರಿಜಕ್ಕನ ಫೋನ್ ಬಂತು: ಜ್ವರ, ಕೂರುವ ಜಾಗದಲ್ಲಿ ಚರ್ಮ ಕಪ್ಪಾಗಿದೆ. ಮಂಗಳೂರಿನ ಆಸ್ಪತ್ರೆಯಲ್ಲಿ ಕೊಳೆತ ಭಾಗವನ್ನು ಕತ್ತರಿಸಿ ತೆಗೆದರು, ಮತ್ತೆ ಒಂದು ತಿಂಗಳಿಗೆ ಇನ್ನಷ್ಟು ತೆಗೆದರು. ಮೂಳೆಯವರೆಗೆ ಹೋಗಿತ್ತು. ಕೂರಬಾರದು, ಬೆನ್ನ ಮೇಲೆ ಮಲಗಬಾರದು, ಕವುಚಿ ಮಲಗಬೇಕು. ತಿಂಗಳುಗಟ್ಟಲೆ. ಎಳನೀರಿನ ಅಂಗಡಿಯ ಜಾಗದಲ್ಲಿ ಈಗ ಬೇರೆಯವರು ಕಬ್ಬಿನ ಹಾಲು ಮಾರುತ್ತಾರೆ.

ನಾನು ಆಸ್ಪತ್ರೆಗೆ ಹೋದೆ, ಮಾಡಬೇಕಾದ್ದನ್ನು ಮಾಡಿದೆ, ಎಲ್ಲರ ಹಾಗೆ ವಿಧಿ ಎಂದೂ ಹೇಳಿದೆ. ಒಂದು ಸಂಜೆ ಶಾಲಿನಿ ಫೋನಿನಲ್ಲಿ ಜಾಥಾದ ವಿಡಿಯೊ ನೋಡುತ್ತಿದ್ದಳು. ಚಪ್ಪಾಳೆಯ ಜಾಗ ಬಂದಾಗ ನಿಲ್ಲಿಸಿದಳು. ಹಿಂದಕ್ಕೆ ಎಳೆದು ಮತ್ತೊಮ್ಮೆ ನೋಡಿದಳು.

"ಇವರು ಎದ್ದು ನಿಲ್ಲುದಲ್ಲ."

"ಮತ್ತೆ?"

"ಮರ ಹತ್ತುದು. ಗುರುವಾರ ತೋರಿಸಿದ್ರಲ್ಲ ನಮಗೆ." ಫೋನನ್ನು ನನ್ನ ಕಡೆ ತಿರುಗಿಸಿ ಹೇಳಿದಳು, "ನೀವು ಒತ್ತಿ ಕೂರಿಸಿದ್ದು."

ಗೊತ್ತಿಲ್ಲದೆ ಆದದ್ದು ಎಂದು ಹೇಳಿಕೊಳ್ಳಲು ಎರಡು ವರ್ಷ ಪ್ರಯತ್ನ ಮಾಡಿದೆ. ಆಗುವುದಿಲ್ಲ. ನನಗೆ ಗೊತ್ತಿತ್ತು. ಮೂರು ದಿನ ಮೊದಲು ಕಣ್ಣಾರೆ ನೋಡಿ, ನಕ್ಕು, ಚಹಾ ಕುಡಿದು ಬಂದಿದ್ದೆ. ವೇದಿಕೆ ಹತ್ತಿದ ಮೇಲೆ ಅದು ತಲೆಯಲ್ಲಿ ಉಳಿದಿರಲಿಲ್ಲ. ಉಳಿಯಲು ಜಾಗ ಇರಲಿಲ್ಲ, ನಾನೇ ತುಂಬಿಕೊಂಡಿದ್ದೆ.

ಮೊನ್ನೆ ಆ ಶಾಲುಗಳು ಬಿದ್ದ ಮೇಲೆ ತಡೆಯಲಾಗಲಿಲ್ಲ. ಕಳೆದ ಆದಿತ್ಯವಾರ ಮುಂಡಾಜೆಗೆ ಹೋದೆ. ಸೈಕಲ್ಲಿನಲ್ಲಲ್ಲ, ಬಸ್ಸಿನಲ್ಲಿ. ಶೇಸಪ್ಪಣ್ಣ ಕಿಟಕಿ ಬದಿಯ ಮಂಚದಲ್ಲಿ ಕವುಚಿ ಮಲಗಿದ್ದರು. ಗಾಯ ಎರಡು ಸಲ ಮುಚ್ಚಿ ಎರಡು ಸಲ ತೆರೆದುಕೊಂಡಿದೆ. ಮರ ಹತ್ತುತ್ತಿದ್ದ ತೋಳು ಈಗ ನನ್ನ ತೋಳಿಗಿಂತ ಸಪೂರ. ಆ ದಿನ ಅವರಿಗೆ ಹೊದಿಸಿದ ಶಾಲನ್ನು ಸುರುಟಿ ಪಾದದ ಕೆಳಗೆ ಇಟ್ಟಿದ್ದರು, ಬೆರಳು ಹಾಸಿಗೆಗೆ ಉಜ್ಜದ ಹಾಗೆ. ನಾಲ್ಕು ಶಾಲು ಕಪಾಟಿನಲ್ಲಿ ಇಟ್ಟುಕೊಂಡವನು ಅದನ್ನು ನೋಡುತ್ತಾ ಕೂತೆ.

"ಈಜು ಉಂಟಾ ಧನಿ?"

"ಬಿಟ್ಟೆ."

"ಯಾಕೆ ಬಿಟ್ಟದ್ದು? ಕಲಿಸಿದ್ದು ನಾನು, ನನ್ನನ್ನು ಕೇಳಿ ಬಿಡಬೇಕಲ್ವಾ?"

ಆಗ ಹೇಳಿದೆ. ವೇದಿಕೆ, ಹೆಗಲು, ಮೈಕ್, ಎಲ್ಲ. ಅವರು ದಿಂಬಿಗೆ ಕೆನ್ನೆ ಒತ್ತಿಕೊಂಡೇ ಕೇಳಿದರು.

"ಅದು ಬಿಡಿ. ಮತ್ತೊಮ್ಮೆ ಎತ್ತಬಹುದಿತ್ತು ನಾನು. ಅಷ್ಟು ಜನ ಚಪ್ಪಾಳೆ ತಟ್ಟಿದ ಮೇಲೆ ನಾಚಿಕೆ ಆಯ್ತು. ಪುನಃ ಎತ್ತಿದ್ರೆ ಪುನಃ ತಟ್ತಾರೆ. ನೀವು ಬೇರೆ ಸಂಸ್ಕಾರ ಅಂತ ಹೇಳಿಯಾಗಿತ್ತು. ಅದಲ್ಲ ಅಂತ ಮೈಕಿನ ಎದುರು ಹೇಗೆ ಹೇಳುದು ನಿಮ್ಮ ಮರ್ಯಾದೆ ತೆಗೆದು?"

ಗಿರಿಜಕ್ಕ ಬಾಗಿಲಲ್ಲಿ ನಿಂತಿದ್ದರು. ಆ ದಿನದ ಬಗ್ಗೆ ಇಷ್ಟು ಕಾಲ ನನಗೆ ಒಂದು ಮಾತೂ ಆಡದವರು.

"ವೇದಿಕೆ ಮೇಲಿನದ್ದು ಆಮೇಲೆ. ಅದಕ್ಕೆ ಮೊದಲು ನೀವು ಕೈ ಬೀಸಿ ಹೋದ್ರಲ್ಲ, 'ಈಗ ಬಂದೆ' ಅಂತ? ಆಚೆ ಮನೆಯವರು ಮಂಚ ಹಾಕಿ ಕೊಟ್ಟಿದ್ರು. ಎರಡು ಗಂಟೆ ಮಲಗಿ ಅಂತ ಕೈ ಮುಗಿದು ಹೇಳಿದೆ ನಾನು. ಇವರು ಕೇಳ್ಬೇಕಲ್ಲ. 'ಧನಿ ಈಗ ಬರ್ತಾರೆ, ಬರುವಾಗ ನಾನು ಮಲಗಿದ್ರೆ ಚಂದ ಅಲ್ಲ.' ಅದೇ ಮಾತು. ಪ್ರತಿ ಸಲ ಕೇಳುವಾಗಲೂ ಅದೇ. ಈಗ ಬರ್ತಾರೆ, ಈಗ ಬರ್ತಾರೆ."

"ಸಾಕು ನಿಲ್ಸು ಮಾರಾಯ್ತಿ," ಎಂದರು ಶೇಸಪ್ಪಣ್ಣ.

ಇದು ನನಗೆ ಗೊತ್ತಿರಲಿಲ್ಲ. ಹೆಗಲು ಒತ್ತಿದ ಒಂದು ಕ್ಷಣವನ್ನು ಹೊತ್ತುಕೊಂಡು ಎರಡು ವರ್ಷ ತಿರುಗಿದ್ದೆ. ಅದಕ್ಕಿಂತ ಮೊದಲಿನ ಎರಡು ಗಂಟೆ ಹೊತ್ತು, ಬಾಯಿಗೆ ಬಂದ ಒಂದು ಮಾತನ್ನು ನಂಬಿಕೊಂಡು ಒಬ್ಬರು ರಸ್ತೆ ನೋಡುತ್ತಾ ಕೂತಿದ್ದರು. ನಾನು ಮೂರನೇ ತಿರುವಿನಲ್ಲಿ ಬೆಳಕು ಸರಿ ಇಲ್ಲವೆಂದು ವಿಡಿಯೊವನ್ನು ಎರಡನೇ ಸಲ ತೆಗೆಸುತ್ತಿದ್ದೆ.

ಚಹಾ ಬಂತು. ಕುಡಿದೆ. ಬೇರೆ ಮಾತು ಆಡಿದೆವು: ಹೊಳೆಯಲ್ಲಿ ನೀರು ಎಷ್ಟಿದೆ, ಯಾರ ತೋಟದಲ್ಲಿ ಯಾರು ಹತ್ತುತ್ತಿದ್ದಾರೆ. ಬಸ್ಸಿನ ಹೊತ್ತಾಯಿತು. ಎದ್ದೆ. ಮನೆಯಿಂದ ಹೊರಡುವಾಗ ಎಲ್ಲರೂ ಹೇಳುವ ಹಾಗೆ, ಅಭ್ಯಾಸದಲ್ಲಿ ನನ್ನ ಬಾಯಿಂದಲೂ ಬಂತು.

"ಇನ್ನೊಮ್ಮೆ ಬರ್ತೇನೆ ಗಿರಿಜಕ್ಕ."

ಅವರು ಲೋಟ ಎತ್ತಿಕೊಳ್ಳುತ್ತಿದ್ದರು. ತಲೆ ಎತ್ತಲಿಲ್ಲ.

"ಯಾವಾಗ ಅಂತ ಹೇಳಿ ಹೋಗಿ. ಇವರು ಕಾಯ್ತಾರೆ."

ಬರುವ ಆದಿತ್ಯವಾರ, ಹತ್ತು ಗಂಟೆಗೆ ಎಂದೆ.

ಶೇಸಪ್ಪಣ್ಣ "ಆಯ್ತು ಧನಿ" ಎಂದರು. ಗಿರಿಜಕ್ಕ ಲೋಟ ತೊಳೆಯಲು ಒಳಗೆ ಹೋದರು.